ಸೋಸಿದ ನೀರು

ಇಚಲಕರಂಜಿಯ ಕೆಳಗೆ ಪಂಚಗಂಗೆಯ ದಂಡೆಗೆ ನಮ್ಮ ಹೊಲ, ಹೊಲದಲ್ಲೇ ಮನೆ, ಹಿತ್ತಲಲ್ಲಿ ಬಾವಿ. ಆಗ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು, ಎಂಟು ತಿಂಗಳು ತುಂಬಿತ್ತು. ನದಿಯಲ್ಲಿ ಮೀನು ಸತ್ತು ತೇಲಿದಾಗಲೂ ಬಾಯಿ ಮುಚ್ಚಿಕೊಂಡಿದ್ದವಳು ನಾನು. ಬಾವಿಯ ನೀರಿಗೇ ಬಣ್ಣದ ವಾಸನೆ ಬಂದ ದಿನ ಸುಮ್ಮನಿರಲಾಗಲಿಲ್ಲ; ಕುಡಿಯಲು ನಮಗೆ ಅದೊಂದೇ ನೀರು. ನದಿಯ ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮೇಲೆ ಅರ್ಜಿ ಕೊಟ್ಟೆ.

ಕೊಟ್ಟ ಮೇಲೆ ಅಂಜಿಕೆ ಶುರುವಾಯಿತು. ನಮ್ಮೂರಿನ ಅರ್ಧ ಜನ ಅಲ್ಲೇ ದುಡಿಯುವವರು. ಮೋಟರ್‌ಸೈಕಲ್ ಸದ್ದಾದರೆ ಸಾಕು, ಹೋಗಿ ಚಿಲಕ ಹಾಕುತ್ತಿದ್ದೆ.

ನೀರು ಪರೀಕ್ಷೆಯ ಸಾಹೇಬರು ಬಂದರು. ಜೊತೆಗೆ ಕಾರ್ಖಾನೆಯ ಮ್ಯಾನೇಜರನೂ ಬಂದ. ಕಾರ್ಖಾನೆಯವರ ಎದುರಿಗೇ ನೀರು ತುಂಬಿ ಸೀಲು ಮಾಡಬೇಕಂತೆ. ಅವನು ಬಾವಿಕಟ್ಟೆಗೆ ಒರಗಿ ನನ್ನನ್ನೇ ನೋಡುತ್ತಿದ್ದ.

ಸಾಹೇಬರು ಚೀಟಿ ಬರೆಯುತ್ತಾ, "ಅಜ್ಜೀ, ಒಂದು ಕೊಡ ನೀರು ಸೇದ್ರಿ" ಎಂದರು. ನಮ್ಮ ಅತ್ತೆ ಸೇದಿದರು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಎರಡು ಮಡಿಕೆಯ ಬಟ್ಟೆ ತೆಗೆದು ನೀಟಾಗಿ ಸೋಸಿ ಅವರ ಕ್ಯಾನಿಗೆ ಸುರಿದರು! ನಾವು ಜೈನರು, ಸೋಸದ ನೀರು ಯಾರಿಗೂ ಕೊಡುವವರಲ್ಲ.

ಮ್ಯಾನೇಜರ ನಕ್ಕ. "ಸಾಹೇಬ, ಪಾಣಿ ಗಾಳೂನ್ ದಿಲಂಯ. ಸೋಸಿದ್ದು ನಡೆಂಗಿಲ್ಲ, ಬರಕೋರಿ."

ಅರ್ಜಿ ಸುಳ್ಳಾದರೆ ಇವನು ನಮ್ಮನ್ನು ಊರಲ್ಲಿ ಬಾಳಗೊಡುತ್ತಾನೆಯೇ? ಅತ್ತೆಯ ಮೇಲೆ ಸಿಟ್ಟೂ ಬಂತು. ಸಾಹೇಬರು ಕ್ಯಾನಿನ ನೀರು ಚೆಲ್ಲಿ, ಬೇರೆ ಕ್ಯಾನು ತೆಗೆದು ತಾವೇ ಹಗ್ಗ ಹಿಡಿದರು.

ಸೋಸಿದ ಬಟ್ಟೆಯಲ್ಲಿ ಉಳಿದ ಹುಳುಹುಪ್ಪಟೆಯನ್ನು ಅದೇ ಬಾವಿಗೆ ಬಿಡುವುದು ನಮ್ಮ ರೂಢಿ, ಅವೂ ಬದುಕಬೇಕಲ್ಲ. ಅತ್ತೆ ಬಟ್ಟೆಯನ್ನು ಬಿಸಿಲಿಗೆ ಹಿಡಿದರು. ತಿರುವಿ ಹಿಡಿದರು. ಕಣ್ಣು ಸಣ್ಣದು ಮಾಡಿ ಮತ್ತೆ ನೋಡಿದರು.

"ಯವ್ವಾ, ಬಿಡಾಕ ಒಂದೂ ಜೀವ ಇಲ್ಲಲ್ಲ ಇದರಾಗ."

"ಎಂದಿನಿಂದ್ರಿ?" ಸಾಹೇಬರು ತಿರುಗಿ ಕೇಳಿದರು.

"ನಾಕೈದು ದಿನಾ ಆತು. ನನ್ನ ಕಣ್ಣೇ ಮಂಜಾಗ್ಯಾವ ಅನಕೊಂಡಿದ್ದೆ."

ಮ್ಯಾನೇಜರನ ನಗು ನಿಂತಿತು. ಅವನಿಗೆ ಅಂಜುವುದು ನನಗೆ ಅಲ್ಲಿಗೇ ಮರೆತುಹೋಯಿತು. ಸಾಹೇಬರು ಸೀಲು ಒತ್ತುತ್ತಾ, "ರಿಪೋರ್ಟ್ ಬರೂತನಕ ಈ ನೀರು ಕುಡೀಬ್ಯಾಡ್ರಿ" ಎಂದರು.

ನಾನು ಒಳಗೆ ಓಡಿದೆ. ಮಗಳು ತಾಮ್ರದ ಕೊಡದ ಪಕ್ಕ ನಿಂತು, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಬರಿದಾದ ಲೋಟವನ್ನು ಕೆಳಗಿಡುತ್ತಿದ್ದಳು.