ವಂದನಾರ್ಪಣೆ ಮೊದಲ ಆತು

ಹುನಗುಂದದ ಕಾಲೇಜಿನ್ಯಾಗ ಒಂದು ವಿಚಾರ ಸಂಕಿರಣ. ಬಾದಾಮಿ ಗುಡ್ಡದ ಕೆಂಪು ಕಲ್ಲು ಹೆಂಗ ಹುಟ್ಟಿತು ಅಂತ ನಾ ಉಪನ್ಯಾಸ ಕೊಡೋದಿತ್ತು. ಅಧ್ಯಕ್ಷರಿಗೆ ಅಮೀನಗಡದಾಗ ಯಾರದೋ ಮದುವಿಗೆ ಹೋಗೋದಿತ್ತು, ಹಿಂಗಾಗಿ ಅವರ ಭಾಷಣ ಮೊದಲ ಆತು. ಅವರು ಎದ್ದು ಹೋದ ಮ್ಯಾಲ ವಂದಿಸಿದ್ರ ಚಲೋ ಕಾಣಂಗಿಲ್ಲಂತ ವಂದನಾರ್ಪಣೆನೂ ಮುಗಿಸಿಬಿಟ್ರು. ಅದರಾಗ ‘ಅದ್ಭುತ ಉಪನ್ಯಾಸ ಕೊಟ್ಟ’ ನನಗೂ ವಂದನೆ ಬಂತು. ರಾಷ್ಟ್ರಗೀತೆ ಆತು, ಮಂದಿ ಊಟಕ್ಕ ಹೊಂಟಿತು.

“ನಾ ಇನ್ನೂ ಮಾತಾಡೇ ಇಲ್ರಿ,” ಅಂದೆ ಸಂಚಾಲಕರಿಗೆ.

“ಹೌದೇನ್ರಿ?” ಅವರೂ ಗಾಬರಿಯಾದ್ರು. “ಆದ್ರ ವಂದನಾರ್ಪಣೆ ಆಗೇತಲ್ರಿ ಸರ್!”

ನಾ ಶಾಲು ಹೊದ್ದುಕೊಂಡೇ ಊಟದ ಪಾಳೇದಾಗ ನಿಂತೆ. ಮಾಸ್ತರೊಬ್ಬರು ರೊಟ್ಟಿ ಮುರಕೋತ ಬಂದು, “ಎಲ್ಲಾ ಖರೆ ಸರ್, ಆದ್ರ ನಿಮ್ಮ ವಾದ ನಾ ಒಪ್ಪಂಗಿಲ್ರಿ,” ಅಂದ್ರು.

ನನಗ ಸಿಟ್ಟೇ ಬಂತು. ಆಡದಿದ್ರೇನಾತು, ವಾದ ನಂದ ಅಲ್ಲೇನ್ರಿ? ಊಟ ಮುಗಿಯೋತನಕ ಜಗಳಾಡಿದೆ.