ಹಿತ್ತಾಳೆ ಗಂಟೆ ಮತ್ತು ನನ್ನ ಗೊರಕೆ

ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯ ಷೋಕೇಸಿನಲ್ಲಿ, ಮೊಮ್ಮಗಳ ಗೊಂಬೆಗೂ ನಾನು ಅಂಚೆ ಕಚೇರಿಯಿಂದ ನಿವೃತ್ತಳಾದಾಗ ಕೊಟ್ಟ ಗಡಿಯಾರಕ್ಕೂ ನಡುವೆ, ಅಂಗೈಯಗಲದ ಒಂದು ಹಿತ್ತಾಳೆ ಗಂಟೆ ಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂತಿತ್ತು. ಬಂದವರು ಚೆನ್ನಾಗಿದೆ ಎನ್ನುತ್ತಿದ್ದರು. ನಾನು ಮಾತ್ರ ಧೂಳು ಒರೆಸುವಾಗಲೂ ಅದರ ಮುಖ ನೋಡುತ್ತಿರಲಿಲ್ಲ. ಯಾಕೆಂದು ನಿಮ್ಮಲ್ಲಿ ಮುಚ್ಚಿಡುವುದೇನಿದೆ?

ನಮ್ಮದೊಂದು ಮೌನದ ಬಳಗ. ಗುರುವಾರ ಬೆಳಿಗ್ಗೆ ನಮ್ಮ ಹಜಾರದಲ್ಲಿ ಹತ್ತು ಹದಿನೈದು ಜನ ಸೇರಿ ಅರ್ಧ ತಾಸು ಸುಮ್ಮನೆ ಕೂರುತ್ತೇವೆ. ಹೀಗೆ ಸುಮ್ಮನೆ ಕೂರುವವರು ನಾಲ್ಕಾರು ದೇಶಗಳಲ್ಲಿದ್ದಾರೆ. ನಿಯಮಗಳು ಎಲ್ಲೆಡೆಯೂ ಒಂದೇ. ಒಬ್ಬರು ಗಂಟೆ ಹಿಡಿದು, ಕಣ್ಣು ತೆರೆದು, ಗಡಿಯಾರ ನೋಡುತ್ತಿರಬೇಕು. ಅವರು ಗಂಟೆ ಬಾರಿಸುವವರೆಗೆ ಉಳಿದವರು ಕಣ್ಣು ತೆರೆಯುವಂತಿಲ್ಲ, ಏಳುವಂತಿಲ್ಲ. ಬೇರೆ ಊರಿನ ಸದಸ್ಯರು ಬಂದರೆ ಮನೆಯಲ್ಲೇ ಇಳಿಸಿಕೊಳ್ಳಬೇಕು, ಮೊದಲ ದಿನದ ಗಂಟೆಯನ್ನು ಅವರ ಕೈಗೇ ಕೊಡಬೇಕು.

ಮೂರು ವರ್ಷದ ಹಿಂದೆ ಒಂದು ಗುರುವಾರ ಗಂಟೆ ನನ್ನ ಕೈಯಲ್ಲಿತ್ತು. ಹಿಂದಿನ ದಿನ ಹಪ್ಪಳ ಒತ್ತಿ ಸುಸ್ತಾಗಿದ್ದೆ, ಕಣ್ಣೆಳೆದದ್ದು ತಿಳಿಯಲಿಲ್ಲ. ಎಚ್ಚರಾಗಿ ಗಾಬರಿಯಿಂದ ಗಂಟೆ ಬಾರಿಸುವಷ್ಟರಲ್ಲಿ ಒಂದೂವರೆ ತಾಸಾಗಿತ್ತು. ಪಾಪ, ಅಷ್ಟೂ ಜನ ಮರಗಟ್ಟಿದ ಕಾಲುಗಳನ್ನು ಮಡಚಿಕೊಂಡು ಕೂತೇ ಇದ್ದರು. ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು ಕೈಮುಗಿದು, "ಎಂಥ ತಲ್ಲೀನತೆ ಶಾರದಮ್ಮ!" ಎಂದರು. ನಾನು ತಲೆ ತಗ್ಗಿಸಿ, "ಹೊತ್ತು ಹೋದದ್ದೇ ಗೊತ್ತಾಗಲಿಲ್ಲರಿ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ನೋಡಿ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮೂಲೆಯಲ್ಲಿ ಗಿರಿಜಕ್ಕ ಇದ್ದರು. ಹರಿಹರದಿಂದ ಪ್ರತಿ ಗುರುವಾರ ಮೊದಲ ಬಸ್ಸಿಗೆ ಬಂದು, ನನ್ನ ಅಡುಗೆಮನೆಗೆ ಹೊಕ್ಕು ತಾವೇ ಚಹಾಕ್ಕಿಡುವಷ್ಟು ಸಲಿಗೆಯ ಗೆಳತಿ. ನನಗಿಂತ ಎಂಟು ವರ್ಷ ದೊಡ್ಡವರು. ಅವರು ಮೊಣಕಾಲು ನೀವಿಕೊಳ್ಳುತ್ತ, "ತಲ್ಲೀನತೆ ಎಲ್ಲೈತ್ರಿ? ಗೊರಕೆ ಹೊಡೀತಿದ್ಲು! ನನ್ನ ಕಿವಿಗೇ ಬಿತ್ತು" ಎಂದರು. ಹಜಾರವೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ನಿಂತು ನಾನು ಅಕ್ಕನಿಗೆ ಅಂದ ಮಾತು ಇದು: "ಸುಮ್ನೆ ಕೂಡಾಕ ಹರಿಹರದಿಂದ ಇಲ್ಲೀತನಕ ಯಾಕ ಬರ್ತೀರಿ? ನಿಮ್ಮ ಮನ್ಯಾಗೇ ಕೂಡ್ರಿ." ಅಕ್ಕ ಚಪ್ಪಲಿ ಮೆಟ್ಟಿದರು. ಮುಂದಿನ ಗುರುವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಬಳಗಕ್ಕೆ ನಾನು ಹೊಸ ಗಂಟೆ ತಂದೆ. ಹಳೆಯದು ಷೋಕೇಸು ಸೇರಿತು. ಹರಿಯೂ ಹರನೂ ಒಂದೇ ಮೈಯಲ್ಲಿ ಜಗಳವಿಲ್ಲದೆ ನಿಂತಿರುವ ಊರಿನವರ ಜೊತೆ ನಾನು ಒಂದು ಚಾಪೆ ಹಂಚಿಕೊಳ್ಳಲಾರದೆ ಹೋದೆ.

ಮರುವರ್ಷ ಅಕ್ಕ ಮೂರು ದೇಶ ಸುತ್ತಿ ಬಳಗದವರ ಮನೆಗಳಲ್ಲಿ ಇದ್ದು ಬಂದರೆಂಬ ಸುದ್ದಿ ಬಂತು. ಅಧ್ಯಾತ್ಮದಲ್ಲಿ ಹೊಟ್ಟೆಕಿಚ್ಚಿಗೆ ಜಾಗವಿಲ್ಲ ಎನ್ನುತ್ತಾರೆ. ನನಗೆ ವಿಮಾನದ ಟಿಕೆಟ್ ತೆಗೆಸಿದ್ದೇ ಅದು. ಮೂವತ್ತು ವರ್ಷ ಪರದೇಶದ ಕಾಗದಗಳಿಗೆ ಮೊಹರು ಒತ್ತಿದವಳು ನಾನು, ನಾನೇ ಹೋಗದಿದ್ದರೆ ಹೇಗೆ? ದುಡ್ಡು ಹೊಂದಿಸಲು ಎರಡು ವರ್ಷ ಹಿಡಿಯಿತು. ಸೂಟ್‌ಕೇಸಿನ ಮುಕ್ಕಾಲು ಪಾಲು ಮಂಡಕ್ಕಿ ತುಂಬಿಕೊಂಡು, ಉಳಿದ ಸಂದಿಯಲ್ಲಿ ಸೀರೆ ತುರುಕಿಕೊಂಡು ಹೊರಟೆ.

ಮೊದಲು ಶ್ರೀಲಂಕಾದ ಕ್ಯಾಂಡಿ. ಮನೆಯೊಡತಿ ನಿವೃತ್ತ ನರ್ಸ್. ಗಂಟೆಯನ್ನು ನನ್ನ ಕೈಗಿಡುತ್ತ ಆಕೆ ನಕ್ಕು, ಹರಿಹರದ ಅಕ್ಕನ ಹಾಗೆ ನಿದ್ದೆ ಮಾಡಬೇಡಿ ಎಂದರು. ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದರು: ಗಿರಿಜಕ್ಕ ಒಮ್ಮೆ ಗಂಟೆ ಹಿಡಿದೇ ಮಲಗಿಬಿಟ್ಟರಂತೆ, ಒಂದೂವರೆ ತಾಸು ಜನ ಕಾಲು ಜೋಮು ಹಿಡಿದು ಕೂತಿದ್ದರಂತೆ, ಅದನ್ನು ಅಕ್ಕನೇ ಗೊರಕೆಯ ಸಮೇತ ನಟಿಸಿ ತೋರಿಸಿದರಂತೆ. ನಾನು ನಗಲು ಹೋದೆ, ಆಗಲಿಲ್ಲ. ಮಲೇಷ್ಯಾದ ಪೆನಾಂಗಿನಲ್ಲೂ ಅದೇ ಕತೆ. ಕಠ್ಮಂಡುವಿನಲ್ಲಂತೂ ಗಂಟೆ ಹಿಡಿಯುವವರ ಮುಂದೆ ಒಂದು ಲೋಟ ಕಡಕ್ ಚಹಾ ಇಡುವ ಪದ್ಧತಿಯನ್ನೇ ಶುರುಮಾಡಿಬಿಟ್ಟಿದ್ದರು. ಅದರ ಹೆಸರು ಹರಿಹರದ ಚಹಾ.

ಎಲ್ಲಿಯೂ ನನ್ನ ಹೆಸರಿಲ್ಲ. ಮೂರು ದೇಶಗಳಲ್ಲಿ ನನ್ನ ನಿದ್ದೆಯನ್ನು ಅಕ್ಕ ಹೊತ್ತು ತಿರುಗಿದ್ದರು. ಆ ಚಹಾ ಗುಟುಕರಿಸುತ್ತ ನಾನು ಬಹಳ ನೇರವಾಗಿ ಕೂತೆ. ನಾಚಿಕೆಯಷ್ಟು ಎಚ್ಚರವಿಡುವ ಚಹಾ ಇನ್ನೂ ಯಾರೂ ಕುದಿಸಿಲ್ಲ. ಸಮುದ್ರ ದಾಟಿ ಅಪರಿಚಿತರನ್ನೆಲ್ಲ ಬಂಧು ಎಂದು ತಬ್ಬಿಕೊಂಡು ಬಂದೆನಲ್ಲ, ಊರಿನ ಬಸ್ಸಿನಲ್ಲಿ ಅರ್ಧ ತಾಸು ಕೂತರೆ ಸಿಗುವ ಬಂಧುವಿನ ಮನೆಗೆ ಮೂರು ವರ್ಷ ಹೋಗಿರಲಿಲ್ಲ.

ಊರಿಗೆ ಮರಳಿದ ಮಾರನೆಯ ಬೆಳಿಗ್ಗೆ ಷೋಕೇಸಿನ ಗಂಟೆಯನ್ನು ಸೆರಗಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. ಬಾಗಿಲು ತೆರೆದ ಅಕ್ಕ ಸೊರಗಿಹೋಗಿದ್ದರು, ಕೈಯಲ್ಲಿ ಕೋಲು ಬಂದಿತ್ತು. ನಾನು ಮಾತು ಜೋಡಿಸಿಕೊಳ್ಳುವುದರೊಳಗೆ, "ಬಾ ಒಳಗ. ಬಿಸಿಲಾಗ್ಯಾಕ ನಿಂತಿ?" ಎಂದರು.

"ತಪ್ಪಾತು ಅಕ್ಕ" ಎಂದೆ. "ನಾ ಮಲಗಿದ್ದನ್ನ ನೀವು ಮಲಗಿದ್ದು ಅಂತ ಯಾಕ ಹೇಳಿದ್ರಿ?"

"ಕತಿ ಚೆಂದ ಐತೆ, ಬಿಡಾಕ ಮನಸಾಗಲಿಲ್ಲ" ಎಂದು ಅಕ್ಕ ನಕ್ಕರು. ಆಮೇಲೆ ಮೆಲ್ಲಗೆ, "ನಿನ್ನ ಹೆಸರು ಹೇಳಿದ್ರ ಮುಂದ ನೀನು ಅವರ ಮನೀಗೆ ಹೆಂಗೆ ಹೋಗ್ತಿದ್ದಿ? ಒಂದು ಸಲ ಹೇಳೇ ನಿನ್ನ ಕಳಕೊಂಡಿದ್ದೆ" ಎಂದರು.

ನಾನು ಅತ್ತೆ. ಅವರು ಅಳಲಿಲ್ಲ, ಮಂಡಕ್ಕಿ ತಂದಿಲ್ಲವೇ ಎಂದು ಕೇಳಿದರು. ಕೊನೆಗೆ ನಡುಮನೆಯಲ್ಲಿ ಒಂದೇ ಚಾಪೆ ಹಾಸಿ ಕೂತೆವು. ಗಂಟೆಯನ್ನು ಅಕ್ಕನ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಒಮ್ಮೆ ಬಾರಿಸಿದರು. ಮೌನ ಶುರುವಾಯಿತು.

ಎಷ್ಟು ಹೊತ್ತಾಯಿತೋ, ಪಕ್ಕದಿಂದ ಸಣ್ಣಗೆ ಗೊರಕೆ ಕೇಳಿಸಿತು. ನಿಯಮ ಮುರಿದು ಒಂದೇ ಕಣ್ಣು ತೆರೆದೆ. ಅಕ್ಕನ ತಲೆ ಗೋಡೆಗೆ ಒರಗಿತ್ತು, ಗಂಟೆ ಸದ್ದಿಲ್ಲದೆ ಮಡಿಲಿಗೆ ಜಾರಿತ್ತು. ಮೂರು ದೇಶಗಳಿಗೆ ಅವರು ಹೇಳಿಬಂದ ಸುಳ್ಳು ನನ್ನ ಕಣ್ಣೆದುರೇ ನಿಜವಾಗುತ್ತಿತ್ತು.

ಊಟದ ಹೊತ್ತಿಗೆ ಮನೆಗೆ ಬರುತ್ತೇನೆಂದು ಹೇಳಿ ಬಂದಿದ್ದೆ. ತೆರೆದ ಕಣ್ಣನ್ನು ಮತ್ತೆ ಮುಚ್ಚಿಕೊಂಡೆ. ಗಂಟೆ ಬಾರಿಸುವವರೆಗೆ ಯಾರೂ ಏಳುವಂತಿಲ್ಲ.