ಹೊರೆಗಲ್ಲಿನವರೆಗೆ

ಉಸ್ಸ್...

ಬಾಲ್ಯದ ಸದ್ದು ಯಾವುದು ಎಂದು ಯಾರಾದರೂ ಕೇಳಿದರೆ ಕೋಗಿಲೆ, ಗುಡಿಯ ಗಂಟೆ ಎಂದೇನಾದರೂ ಹೇಳುವುದು ಮರ್ಯಾದೆ. ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಚಾಪೆಲ್ಲಿನ ಪಿಯಾನೋ ಎಂದರೂ ನಡೆದೀತು. ಆದರೆ ನನ್ನ ಕಿವಿಯಲ್ಲಿ ಉಳಿದಿರುವುದು ಈ ‘ಉಸ್ಸ್’. ತಲೆಯ ಮೇಲಿನ ಹೊರೆಯನ್ನು ಕಲ್ಲಿನ ಮೇಲಕ್ಕೆ ಜಾರಿಸಿ ನಮ್ಮಜ್ಜಿಯ ಊರಿನ ಹೆಂಗಸರು ಬಿಡುತ್ತಿದ್ದ ಉಸಿರು. ಐದು ಜನ ಬಂದರೆ ಐದು ಬಗೆಯ ಉಸ್ಸ್. ಅಜ್ಜಿಯದು ಉದ್ದ, ಅದಕ್ಕೆ ‘ಅಪ್ಪಾ ಶಿವ್ನೇ’ ಎಂಬ ಬಾಲ ಬೇರೆ. ಪುಟ್ಟಲಕ್ಷ್ಮಿಯದು ಚಿಕ್ಕದು, ಮುಗಿಯುವುದರೊಳಗೆ ಅದು ನಗುವಾಗಿ ಬಿಡುತ್ತಿತ್ತು.

ಪುಟ್ಟಲಕ್ಷ್ಮಿ ನನ್ನ ಸೋದರಮಾವನ ಮಗಳು. ನನಗಿಂತ ಎಂಟು ತಿಂಗಳಿಗೆ ದೊಡ್ಡವಳು. ಆ ಎಂಟು ತಿಂಗಳಲ್ಲಿ ಒಂದು ದಿನವನ್ನೂ ಅವಳು ಜೀವಮಾನದಲ್ಲಿ ನನಗೆ ಬಿಟ್ಟುಕೊಡಲಿಲ್ಲ.

ನಮ್ಮ ಬಡಾವಣೆಯಲ್ಲಿ ಹೆರಿಟೇಜ್ ವಾಕ್ ಮಾಡುವವರ ಒಂದು ಗುಂಪಿದೆ. ಭಾನುವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು ಮೈಸೂರಿನ ಹಳೆಯ ಕಟ್ಟಡಗಳ ಮುಂದೆ ನಿಂತು ಕತ್ತೆತ್ತಿ ನೋಡಿ, ಆಮೇಲೆ ಮಸಾಲೆ ದೋಸೆ ತಿಂದು ಬರುತ್ತಾರೆ. ದೋಸೆಯ ಆಸೆಗೆ ನಾನೂ ಸೇರಿಕೊಂಡಿದ್ದೇನೆ. “ಆಂಟಿ, ನಿಮ್ಮ ಅಜ್ಜಿ ಊರಿನ ಕಡೆ ಏನಾದರೂ ಲ್ಯಾಂಡ್‌ಮಾರ್ಕ್ ಇದೆಯಾ?” ಎಂದು ಅವರು ಕೇಳಿದಾಗ ನಾನು ಹೆಮ್ಮೆಯಿಂದ ಹೊರೆಗಲ್ಲಿನ ಫೋಟೋ ತೋರಿಸಿದೆ. ಒಬ್ಬಾಕೆ ಕನ್ನಡಕ ಸರಿಮಾಡಿಕೊಂಡು ನೋಡಿ, “ಓ, ಬೆಂಚಾ?” ಎಂದರು. “ಸ್ವಲ್ಪ ಎತ್ತರವಾಯಿತು, ಅಲ್ಲವಾ?”

ಎತ್ತರವೇ ಅದರ ಜಾಣತನ ಎಂದು ಅವರಿಗೆ ಹೇಗೆ ಹೇಳಲಿ? ರಾವಂದೂರಿನಿಂದ ಎರಡು ಮೈಲಿ ಒಳಗೆ, ಊರು ಮುಗಿದ ಮೇಲೆ ಹೊಲಗಳ ನಡುವೆ ಹೋಗುವ ಕಾಲುದಾರಿಯಲ್ಲಿ ಹೆಗಲೆತ್ತರದ ಎರಡು ಕಲ್ಲುಕಂಬ, ಅವುಗಳ ಮೇಲೆ ಅಡ್ಡವಾಗಿ ಒಂದು ಚಪ್ಪಡಿ. ಇಷ್ಟೇ. ತಲೆಹೊರೆ ಹೊತ್ತವರು ಒಬ್ಬರೇ ಬಂದರೆ ಇಳಿಸಲು ಕೈಕೊಡುವವರು ಬೇಕು, ಮತ್ತೆ ಎತ್ತಲೂ ಬೇಕು. ಈ ಚಪ್ಪಡಿ ಇದ್ದರೆ ಯಾರೂ ಬೇಡ. ಸ್ವಲ್ಪ ಮಂಡಿ ಬಗ್ಗಿಸಿ ಹೊರೆಯನ್ನು ಅದರ ಮೇಲಕ್ಕೆ ಜಾರಿಸಿ, ಉಸ್ಸ್ ಎಂದು, ಹೊರಡುವಾಗ ಮತ್ತೆ ತಲೆಗೆ ಜಾರಿಸಿಕೊಂಡರಾಯಿತು. ವೀರರಿಗೆ ವೀರಗಲ್ಲು ನೆಟ್ಟರು, ರಾಜರು ಶಾಸನ ಕೆತ್ತಿಸಿದರು, ವಿದ್ವಾಂಸರು ಹೋಗಿ ಅವುಗಳ ಅಚ್ಚು ತೆಗೆದುಕೊಂಡರು. ಹೊರೆಗಲ್ಲಿನ ಮೇಲೆ ಅಕ್ಷರವಿಲ್ಲ, ಆದ್ದರಿಂದ ವಿದ್ವಾಂಸರೂ ಇಲ್ಲ. ಊರವರು ಹೇಳುವುದು ಒಂದೇ: ತುಂಬು ಬಸುರಿಯೊಬ್ಬಳು ಹೆರಿಗೆಯಾಗದೆ ಸತ್ತಳು, ಅವಳ ಹೆಸರಲ್ಲಿ ಅವಳ ತೌರಿನವರು ನೆಡಿಸಿದ ಕಲ್ಲು ಇದು. ಅವಳಿಗೆ ಇಳಿಸಲಾಗಲಿಲ್ಲ, ದಾರಿಹೋಕರಾದರೂ ಇಳಿಸಿಕೊಳ್ಳಲಿ ಎಂದು.

ಹಾಗಾಗಿ ನಮ್ಮಜ್ಜಿಯ ಊರಲ್ಲಿ ಒಂದು ಕಟ್ಟುಪಾಡು. ಹೊರೆ ಹಗುರವಿದ್ದರೂ ಆ ಕಲ್ಲು ದಾಟುವಾಗ ಒಂದು ಗಳಿಗೆ ಇಳಿಸಬೇಕು. ಅಲ್ಲಿ ಯಾರಾದರೂ “ಏನು ಹೊರೆ?” ಎಂದರೆ ನಿಜವನ್ನೇ ಹೇಳಬೇಕು. ಆ ತಾಯಿಯ ಮುಂದೆ ಸುಳ್ಳಾಡಬಾರದು. ಸರ್ಕಾರದ ಕಾಡಿನಿಂದ ಸೌದೆ ತರುವವರು ಒಂದು ಫರ್ಲಾಂಗು ಬಳಸಿಕೊಂಡು ಕೆರೆ ಏರಿಯ ಮೇಲೆ ಹೋಗುತ್ತಿದ್ದುದು ಇದೇ ಕಾರಣಕ್ಕೆ.

ಇನ್ನು ನನ್ನ ತಪ್ಪೊಪ್ಪಿಗೆ.

ಕಾನ್ವೆಂಟಿನಲ್ಲಿ ನಮಗೆ ಡಿಪೋರ್ಟ್‌ಮೆಂಟ್ ಎಂಬ ಕ್ಲಾಸಿತ್ತು. ಹೆಣ್ಣುಮಕ್ಕಳು ಹೇಗೆ ನಡೆಯಬೇಕು, ಹೇಗೆ ಕೂರಬೇಕು ಎಂಬುದರ ಶಿಕ್ಷಣ. ಸಿಸ್ಟರ್ ನಮ್ಮ ತಲೆಯ ಮೇಲೆ ಒಂದೊಂದು ದಪ್ಪ ಅಟ್ಲಾಸ್ ಇಟ್ಟು, “ಚಿನ್ ಅಪ್, ಗರ್ಲ್ಸ್!” ಎಂದು ವರಾಂಡದ ಉದ್ದಕ್ಕೂ ನಡೆಸುತ್ತಿದ್ದರು. ಅಟ್ಲಾಸ್ ಬೀಳಿಸದೆ ಮೂರು ಸುತ್ತು ಹಾಕಿದ್ದಕ್ಕೆ ನನಗೆ ಹೋಲಿ ಪಿಕ್ಚರ್ ಎಂಬ ಸಂತರ ಚಿತ್ರದ ಕಾರ್ಡೊಂದು ಬಹುಮಾನವಾಗಿ ಬಂದಿತ್ತು. ಹತ್ತು ವರ್ಷದ ಹುಡುಗಿ, ಇಡೀ ಭೂಗೋಳವನ್ನು ಹೊತ್ತವಳು. ಆ ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಬಂದಾಗ ಉಳುವವರಿಗೆ ಊಟ ಒಯ್ಯುವ ಕುಕ್ಕೆ ನನಗೊಂದು ಲೆಕ್ಕವೇ?

“ನಾನೇ ಹೊರುತ್ತೀನಿ” ಎಂದೆ.

“ತಡಿ, ಸಿಂಬಿ ಮಾಡ್ಕೊಡ್ತೀನಿ” ಎಂದು ಪುಟ್ಟಲಕ್ಷ್ಮಿ ಹಳೆಯ ಸೀರೆಯ ತುಂಡನ್ನು ಸುರುಳಿ ಸುತ್ತತೊಡಗಿದಳು. ಸಿಂಬಿಯಿಲ್ಲದೆ ಹೊರೆ ತಲೆಯ ಮೇಲೆ ನಿಲ್ಲುವುದಿಲ್ಲ.

“ಅಟ್ಲಾಸಿಗೆ ಸಿಂಬಿ ಇರಲಿಲ್ಲ, ಇದಕ್ಕೆ ಯಾಕೆ?” ಎಂದೆ ನಾನು, ಗದ್ದ ಎತ್ತಿ.

ಹೊರೆಗಲ್ಲಿನವರೆಗೆ ಸಿಸ್ಟರ್ ಮೆಚ್ಚುವ ಹಾಗೆಯೇ ನಡೆದೆ. ಅಲ್ಲಿ ಮಂಡಿ ಬಗ್ಗಿಸಬೇಕಿತ್ತು. ಡಿಪೋರ್ಟ್‌ಮೆಂಟಿನಲ್ಲಿ ಬಗ್ಗುವ ಪಾಠವೇ ಇರಲಿಲ್ಲ. ನೆಟ್ಟಗೆ ನಿಂತವಳು ನೆಟ್ಟಗೇ ಇಳಿಸಲು ಹೋದೆ. ಕುಕ್ಕೆ ಚಪ್ಪಡಿಯ ಅಂಚಿಗೆ ತಾಗಿ ಮಗುಚಿಕೊಂಡಿತು. ಹನ್ನೊಂದು ರಾಗಿಮುದ್ದೆ ಇಳಿಜಾರಿನಲ್ಲಿ ಉರುಳಿದವು. ಸಾರಿನ ಮಡಕೆ ಒಡೆದು ಹುರುಳಿಕಾಳು ಮಣ್ಣಿನಲ್ಲಿ ಬಿತ್ತನೆಯಾಯಿತು. ಹಿಂದೆಯೇ ಮಜ್ಜಿಗೆ ಹೊತ್ತು ಬರುತ್ತಿದ್ದ ಅಜ್ಜಿ ನಿಂತಲ್ಲೇ ನಿಂತಳು.

“ಯಾವಳೇ ಕೆಡವಿದ್ದು?”

ನಾನು ಬಾಯಿ ತೆರೆಯುವ ಮೊದಲೇ ಪುಟ್ಟಲಕ್ಷ್ಮಿ, “ನಾನು ಕಣಜ್ಜಿ” ಎಂದಳು. ಆ ಕಲ್ಲಿನ ಮುಂದೆಯೇ. ನಾನು ತೆರೆದ ಬಾಯಿಯನ್ನು ಮುಚ್ಚಿದೆ. ಮಾರಲ್ ಸೈನ್ಸ್ ಪುಸ್ತಕದ ಪ್ರಕಾರ ಸುಮ್ಮನಿರುವುದೂ ಒಂದು ಪಾಪ. ಆ ಪಾಠದಲ್ಲಿ ನನಗೆ ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ಬಂದಿತ್ತು.

“ಅನ್ನ ಚೆಲ್ಲೋಳ್ಗೆ ಮೈಸೂರಂತೆ, ಇಸ್ಕೂಲಂತೆ!” ಎಂದಳು ಅಜ್ಜಿ.

ವಿಷಯ ಇರುವುದು ಇಲ್ಲಿ. ಆ ಜೂನ್‌ನಲ್ಲಿ ಪುಟ್ಟಲಕ್ಷ್ಮಿ ನನ್ನ ಜೊತೆ ಮೈಸೂರಿಗೆ ಬಂದು, ನಮ್ಮ ಮನೆಯಲ್ಲಿದ್ದು, ನನ್ನ ಸ್ಕೂಲಿಗೇ ಸೇರುವ ಮಾತಿತ್ತು. ನನ್ನ ಅಮ್ಮ ಅವಳಿಗೆಂದು ಬಿಳಿ ಸಾಕ್ಸ್ ಕೂಡ ತಂದಿದ್ದಳು. ಕುಕ್ಕೆ ಮಗುಚಿದ ಮೂರನೇ ದಿನ ನಾನೊಬ್ಬಳೇ ಹೊರಟೆ. ಆ ಸಾಕ್ಸನ್ನೂ ನಾನೇ ಹಾಕಿಕೊಂಡು ಹರಿದೆ.

ಆಮೇಲೆ ಅವಳು ಅದೇ ಊರಿಗೆ ಸೊಸೆಯಾದಳು, ನಾಲ್ಕು ಮಕ್ಕಳನ್ನು ಹೆತ್ತಳು, ಹೊಗೆಸೊಪ್ಪು ಬೆಳೆದಳು. ಮದುವೆ, ತಿಥಿಗಳಲ್ಲಿ ಸಿಕ್ಕಾಗಲೆಲ್ಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಒಂದು ಸಲ ಊಟದ ಎಲೆ ಹಾಕುತ್ತಿದ್ದರು, ಇನ್ನೊಂದು ಸಲ ಬಸ್ಸಿಗೆ ಹೊತ್ತಾಯಿತು. ಹೇಳದಿರಲು ಅರವತ್ತು ವರ್ಷ ಒಂದಲ್ಲ ಒಂದು ನೆವ ಸಿಕ್ಕಿತೆಂದರೆ ಅದೂ ಒಂದು ಪ್ರತಿಭೆಯೇ ಇರಬೇಕು.

ಕಳೆದ ಚಳಿಗಾಲದಲ್ಲಿ, ಅವರೆಕಾಯಿಯ ಕಾಲಕ್ಕೆ, ಒಂದು ದಿನದ ಮಟ್ಟಿಗೆ ಹೋಗಿದ್ದೆ. ಮಧ್ಯಾಹ್ನ ಹೊರಡುವಾಗ ಕಾರನ್ನು ಟಾರು ರಸ್ತೆಗೆ ಕಳಿಸಿ, “ಹೊರೆಗಲ್ಲಿನವರೆಗೆ ನಡೆಯೋಣ ಬಾರೆ” ಎಂದೆ ಅವಳಿಗೆ. ಅರ್ಧ ಮೈಲಿ. ಇಬ್ಬರ ಮಂಡಿಗಳೂ ಸೇರಿ ಮುಕ್ಕಾಲು ಗಂಟೆ ಮಾಡಿದವು. ಅವಳ ಸೊಂಟದಲ್ಲಿ ಅವರೆಕಾಯಿಯ ಗಂಟು, ನನ್ನ ಹೆಗಲಲ್ಲಿ ಹ್ಯಾಂಡ್‌ಬ್ಯಾಗು. ದಾರಿಯ ಎರಡು ಕಡೆ ನನ್ನ ಕಾಲದ ರಾಗಿ ಹೊಲಗಳಿಲ್ಲ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು ಎತ್ತರವಾಗಿ, ಕಿಟಕಿಯಿಲ್ಲದೆ, ಪರೀಕ್ಷೆಯ ಹಾಲ್‌ನ ಹಾಗೆ ನಿಂತಿದ್ದವು.

ಕಲ್ಲು ಅಲ್ಲೇ ಇತ್ತು. ನನಗೆ ಗಿಡ್ಡವಾದಂತೆ ಕಂಡಿತು. ಆಫ್ ಕೋರ್ಸ್, ಬೆಳೆದವಳು ನಾನು. ಮುಟ್ಟಿ ನೋಡಿದೆ. ಚಪ್ಪಡಿಯ ನಡುವೆ, ಎಷ್ಟೋ ತಲೆಮಾರಿನ ಕುಕ್ಕೆಗಳು ಜಾರಿದ ಕಡೆ, ಅಂಗೈಯ ಹಾಗೆ ನುಣುಪು.

ಅಷ್ಟರಲ್ಲಿ ಮೊಪೆಡ್ಡಿನ ಮೇಲೆ ಮೇವಿನ ಬೆಟ್ಟವನ್ನೇ ಹೇರಿಕೊಂಡು ಊರಿನ ಸೊಸೆಯೊಬ್ಬಳು ಬಂದಳು. ಈಗ ತಲೆಯ ಮೇಲೆ ಯಾರು ಹೊರುತ್ತಾರೆ? ಆದರೂ ಗಾಡಿ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಕೊಟ್ಟು, ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಏನಮ್ಮಿ ಒರೆ?” ಎಂದಳು ಪುಟ್ಟಲಕ್ಷ್ಮಿ.

“ಜೋಳದ ಕಡ್ಡಿ ಕಣತ್ತೆ.”

“ಎಲ್ಲಾ ನಿಂದೇಯಾ?”

ಆಕೆ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. “ತಳದಲ್ಲಿ ಎರಡ್ ಕಟ್ಟು ನಿಮ್ಮ ಒಲದ್ದು. ಸಂಜೆ ಬಂದು ಯೋಳನ ಅಂತಿದ್ದೆ, ಅಷ್ಟ್ರಲ್ಲಿ ನೀವೇ ಇಲ್ಲಿ ನಿಂತಿದ್ದೀರಿ!”

“ಓಗ್ಲಿ ಬುಡು. ನಿಮ್ಮತ್ತೆ ನಂ ಬೇಲಿ ಕಡ್ಡಿ ಕಿತ್ಕೊಂಡ್ ಓಗದ್ಕಿಂತ ವಾಸಿ.”

ಮೊಪೆಡ್ಡು ನಗುತ್ತಾ ಹೊರಟುಹೋಯಿತು. ಪುಟ್ಟಲಕ್ಷ್ಮಿ ತನ್ನ ಗಂಟನ್ನು ಚಪ್ಪಡಿಯ ಮೇಲಿಟ್ಟು, ಆ ಹಳೆಯ ಚಿಕ್ಕ ಉಸ್ಸನ್ನು ಬಿಟ್ಟು, ನನ್ನ ಹ್ಯಾಂಡ್‌ಬ್ಯಾಗಿನತ್ತ ಗದ್ದ ತೋರಿಸಿದಳು. “ನಿಂದೇನಮ್ಮಿ ಒರೆ?”

ಬಿ.ಪಿ. ಮಾತ್ರೆ, ಕನ್ನಡಕದ ಡಬ್ಬಿ, ಬಿಸ್ಕತ್ತು. ಇಷ್ಟು ಹೇಳಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಕುಕ್ಕೆ ಕೆಡವಿದ್ದು ನಾನು, ಸುಮ್ಮನಿದ್ದದ್ದು ನಾನು, ನನ್ನಿಂದ ನಿನ್ನ ಸ್ಕೂಲು ಹೋಯಿತು, ಐ ಆಮ್ ಸಾರಿ ಪುಟ್ಟಿ ಎಂದುಬಿಟ್ಟೆ. ಇಂಗ್ಲಿಷಿನಲ್ಲಿ ಸಾರಿ ಕೇಳುವುದು ಸುಲಭವೆಂದು ಇಂಗ್ಲಿಷಿನಲ್ಲಿ ಕೇಳಿದ್ದು, ಅದೂ ಸುಲಭವಾಗಲಿಲ್ಲ.

ಅವಳು, “ಅಯ್ಯೋ ನಿನ್ನ! ಅವತ್ತು ಕುಕ್ಕೆ ಕಟ್ಟೋವಾಗ್ಲೇ ಅಜ್ಜಿ ನಂಗೆ ಯೋಳಿತ್ತು ಕಣೆ, ಮನೇಲಿ ಕೈ ಸಾಲಕಿಲ್ಲ, ನೀನು ಓಗೋದು ಬ್ಯಾಡ ಅಂತ” ಎಂದಳು.

“ಕುಕ್ಕೆ ಬೀಳೋಕೆ ಮೊದಲೇ?”

“ಊಂ. ಕೊಟ್ಟಿಗೇಲಿ ಕೂತು ಅತ್ತು, ಮೊಕ ತೊಳ್ಕೊಂಡೇ ಬಂದಿದ್ದೆ. ನಂದು ಎಂಗೂ ಆಗೋಗಿತ್ತು. ನೀನು ಮೂರ್ ದಿನ ಇರೋಳು, ಬಯ್ಸ್ಕೊಂಡು ಯಾಕೆ ಓಗ್ಬೇಕು ಅಂತ ನಾನಂದೆ.” ಆಮೇಲೆ ಸೇರಿಸಿದಳು: “ಓಗೋ ಆಸೆ ಇತ್ತು ಕಣಮ್ಮಿ. ಇಲ್ಲ ಅನ್ನಕಿಲ್ಲ. ಈ ಕಲ್ಲ್ ಮುಂದೆ ಒಂದ್ಸಲ ಸುಳ್ಳಾಡಿದ್ದೇ ಸಾಕು.”

ನಾನು ಕಣ್ಣೊರೆಸಿಕೊಂಡೆ. ಅರವತ್ತು ವರ್ಷ ನಾನು ಸಾಕಿಕೊಂಡಿದ್ದ ಅಪರಾಧದಲ್ಲಿ ನನ್ನ ಪಾಲು ಹನ್ನೊಂದು ಮುದ್ದೆ ಮಾತ್ರ! ಹಗುರವಾಗಬೇಕಿತ್ತು. ಆದರೆ ಅತ್ತು ಮುಖ ತೊಳೆದುಕೊಂಡು ಬಂದ ಆ ಹತ್ತು ವರ್ಷದವಳು, ನನಗೆ ಸಿಂಬಿ ಸುತ್ತಿಕೊಡಲು ಕೂತಿದ್ದಳಲ್ಲ, ಅವಳ ಮುಖವನ್ನು ನಾನು ಅಂದು ನೋಡಿಯೇ ಇರಲಿಲ್ಲ.

“ಬಾ ಇಲ್ಲಿ” ಎಂದು ಪುಟ್ಟಲಕ್ಷ್ಮಿ ತಲೆಯ ಮೇಲಿದ್ದ ಟವೆಲ್ಲನ್ನು ತೆಗೆದು ಸುರುಳಿ ಸುತ್ತಿದಳು. “ಇವತ್ತಾದ್ರೂ ಸಿಂಬಿ ಇಟ್ಕೋತೀಯೋ, ಇಲ್ವೋ?” ಅದನ್ನು ನನ್ನ ಬಿಳಿ ಕೂದಲ ಮೇಲಿಟ್ಟು, ಅವರೆಕಾಯಿಯ ಗಂಟನ್ನು ಅದರ ಮೇಲೆ ಕೂರಿಸಿದಳು. “ಮಂಡಿ ಬಗ್ಗಿಸು. ಆಂ, ಅಂಗೆ. ನಡಿ ಈಗ. ಟಾರ್ ರೋಡು ಇಲ್ಲೇ ಅಯ್ತೆ. ನಂಗೆ ಒಲಕ್ಕೆ ಓಗ್ಬೇಕು.”

ನಡೆದೆ. ಒಂದು ಕೈ ಗಂಟಿನ ಮೇಲೆ, ಇನ್ನೊಂದರಲ್ಲಿ ಹ್ಯಾಂಡ್‌ಬ್ಯಾಗು. ಸಿಸ್ಟರ್ ನೋಡಿದ್ದರೆ ಇನ್ನೊಂದು ಹೋಲಿ ಪಿಕ್ಚರ್ ಕೊಡುತ್ತಿದ್ದರು.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಅವಳ ಮಗನ ಫೋನ್ ಬಂತು. ಹಿತ್ತಿಲಲ್ಲಿ ಕೂತವಳು ಹಾಗೇ ಒರಗಿದಳಂತೆ. ಟವೆಲ್ ಇನ್ನೂ ನನ್ನ ಬೀರುವಿನಲ್ಲಿದೆ. ಸುರುಳಿ ಬಿಚ್ಚಿಲ್ಲ.

ತಲೆಯ ಮೇಲೆ ಹೊರೆ ಇದ್ದರೆ ಕತ್ತು ತಿರುಗಿಸಿ ಹಿಂದೆ ನೋಡಲಾಗುವುದಿಲ್ಲ, ಇಡೀ ಮೈಯೇ ತಿರುಗಬೇಕು. ಅಂದು ಗಂಟು ಹೊತ್ತು ಹೋಗುವಾಗ ಬ್ಯಾರನ್ನಿನ ಮೂಲೆಯಲ್ಲಿ ನಾನು ಹಾಗೆ ಪೂರ್ತಿ ತಿರುಗಿ ನಿಂತೆ. ಹೊಲಕ್ಕೆ ಹೋಗಬೇಕೆಂದವಳು ಹೋಗಿರಲಿಲ್ಲ. ಒಂದು ಅಂಗೈಯನ್ನು ಚಪ್ಪಡಿಯ ನುಣುಪಿನ ಮೇಲೆ ಊರಿಕೊಂಡು ಅಲ್ಲೇ ನಿಂತಿದ್ದಳು. ನಾನು ನೋಡುತ್ತಿದ್ದೇನೆಂದು ತಿಳಿದ ಕೂಡಲೇ ಇನ್ನೊಂದು ಕೈಯ ಬೆರಳನ್ನು ತನ್ನ ಗದ್ದದ ಕೆಳಗಿಟ್ಟು, ಮೇಲೆತ್ತು, ಇನ್ನೂ ಮೇಲೆತ್ತು ಎಂದು ತೋರಿಸಿದಳು.